ದೀನತೆಗಾಗಿ ಬೇಡಿಕೊಂಡಷ್ಟೂ ಅಹಂಕಾರವೇ ಕಾಣುತ್ತಿದೆ, ಏನು ಮಾಡಲಿ?

ಪ್ರಶ್ನೆ: ಎಂಟು ವರ್ಷಗಳಿಂದ ವಿಶ್ವಾಸದಲ್ಲಿದ್ದೇನೆ. ದಿನವೂ ಬೈಬಲ್ ಓದುತ್ತೇನೆ, ಪ್ರಾರ್ಥಿಸುತ್ತೇನೆ. ಸಭೆಯಲ್ಲಿ ಆರಾಧನೆ ನಡೆಸುವವರಲ್ಲಿ ನಾನೂ ಒಬ್ಬ. ದೀನತೆ ಕೊಡು ಎಂದು ಎಷ್ಟು ಬೇಡಿಕೊಂಡರೂ ಯಾರಾದರೂ ಹೊಗಳಿದರೆ ಉಬ್ಬಿಹೋಗುತ್ತೇನೆ, ಕಡೆಗಣಿಸಿದರೆ ಒಳಗೊಳಗೇ ಕುದಿಯುತ್ತೇನೆ. ಮನೆಯಲ್ಲಿ ಸಿಟ್ಟು ಮಾಡಬಾರದೆಂದು ತೀರ್ಮಾನಿಸಿದ್ದು ಎಷ್ಟು ಸಲವೋ. ಮತ್ತೆ ಜಾರಿದಾಗ ನಾಲ್ಕೈದು ದಿನ ಪ್ರಾರ್ಥನೆಗೆ ಕೂರಲೂ ಮನಸ್ಸಾಗುವುದಿಲ್ಲ. ‘ಎಲ್ಲವನ್ನೂ ದೇವರಿಗೆ ಬಿಟ್ಟುಬಿಡಿ’ ಅನ್ನುತ್ತಾರೆ. ಬಿಡುವುದು ಅಂದರೆ ಹೇಗೆ? ನಾನು ಮಾಡಬೇಕಾದದ್ದೇನು, ಬಿಡಬೇಕಾದದ್ದೇನು? ಕೆಲವು ತಿಂಗಳು ಆರಾಧನೆ ನಡೆಸುವುದನ್ನು ನಿಲ್ಲಿಸಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಹೆಚ್ಚು ಕಳವಳ ಹುಟ್ಟಿಸುವುದು ಹೊಗಳಿಕೆಗೆ ಉಬ್ಬುವ ಮಾತಲ್ಲ, ಸಿಟ್ಟೂ ಅಲ್ಲ. ಆ ನಾಲ್ಕೈದು ದಿನಗಳ ಮೌನ. ಅಲ್ಲಿಂದಲೇ ಶುರು ಮಾಡೋಣ, ಏಕೆಂದರೆ ನೀವು ದೇವರ ಮೇಲೆ ಎಷ್ಟು ಆತುಕೊಂಡಿದ್ದೀರಿ, ನಿಮ್ಮ ಮೇಲೆ ಎಷ್ಟು ಆತುಕೊಂಡಿದ್ದೀರಿ ಅನ್ನುವುದು ನೆಟ್ಟಗೆ ನಡೆಯುವಾಗ ಗೊತ್ತಾಗುವುದಿಲ್ಲ, ಬಿದ್ದಾಗ ಗೊತ್ತಾಗುತ್ತದೆ.

ಬಿದ್ದ ಮೇಲಿನ ಮೊದಲ ಗಂಟೆ

ಆ ದಿನಗಳಲ್ಲಿ ನಡೆಯುತ್ತಿರುವುದು ಪಶ್ಚಾತ್ತಾಪ ಎಂದು ನೀವು ತಿಳಿದಿರಬಹುದು. ಅದರಲ್ಲಿ ಪಶ್ಚಾತ್ತಾಪದ ಪಾಲು ಕಡಿಮೆ. ‘ಎಂಟು ವರ್ಷ ಆದಮೇಲೂ ನಾನು ಹೀಗೆ ಮಾಡಿದೆನಲ್ಲ’ ಅನ್ನುವ ಆಘಾತವೇ ಹೆಚ್ಚು. ನಿಮ್ಮ ಬಗ್ಗೆ ನೀವೇ ಕಟ್ಟಿಕೊಂಡಿದ್ದ ಚಿತ್ರ ಒಡೆಯಿತು, ಅದಕ್ಕಾಗಿ ದುಃಖ. ಪೌಲನು ಎರಡು ದುಃಖಗಳನ್ನು ಬೇರೆ ಮಾಡಿ ತೋರಿಸುತ್ತಾನೆ (2 ಕೊರಿಂಥ 7:10): ಒಂದು ದೇವರ ಕಡೆಗೆ ತಿರುಗಿಸುವಂಥದ್ದು, ಇನ್ನೊಂದು ಒಳಗೇ ಕೊಳೆತು ಸಾಯಿಸುವಂಥದ್ದು. ಯಾವುದು ಯಾವುದೆಂದು ತಿಳಿಯಲು ಒಂದೇ ಪ್ರಶ್ನೆ ಸಾಕು. ಈ ದುಃಖ ನನ್ನನ್ನು ದೇವರ ಹತ್ತಿರ ಓಡಿಸುತ್ತಿದೆಯೇ, ದೇವರಿಂದ ಮುಖ ಮರೆಸಿಕೊಳ್ಳುವಂತೆ ಮಾಡುತ್ತಿದೆಯೇ? ನಾಲ್ಕು ದಿನ ಚೆನ್ನಾಗಿ ನಡೆದುಕೊಂಡು ಆಮೇಲೆ ಪ್ರಾರ್ಥನೆಗೆ ಕೂರುತ್ತೇನೆ ಅನ್ನುವ ಲೆಕ್ಕಾಚಾರದಲ್ಲಿ ಒಂದು ಗುಟ್ಟಾದ ನಂಬಿಕೆ ಅಡಗಿದೆ. ದೇವರ ಸನ್ನಿಧಿಗೆ ಬರಲು ನನಗಿರುವ ಯೋಗ್ಯತೆ ನನ್ನ ಒಳ್ಳೆಯ ನಡತೆ, ಶಿಲುಬೆಯದು ಉಳಿದದ್ದನ್ನು ತುಂಬಿಕೊಡುವ ಕೆಲಸ ಎಂಬ ನಂಬಿಕೆ. ಬಾಯಲ್ಲಿ ನೀವು ಹಾಗೆ ಎಂದೂ ಹೇಳಲಾರಿರಿ, ಆದರೆ ಆ ನಾಲ್ಕು ದಿನ ಅದನ್ನೇ ಹೇಳುತ್ತಿವೆ.

ಯೇಸು ಸೆರೆಯಾದ ರಾತ್ರಿ ಅವನ ಶಿಷ್ಯ ಪೇತ್ರನಿಗೆ ಆದದ್ದನ್ನು ನಿಧಾನವಾಗಿ ಓದಿ (ಮಾರ್ಕ 14:27-72). ಉಳಿದವರೆಲ್ಲ ಹಿಂಜರಿದರೂ ನಾನು ಹಿಂಜರಿಯುವುದಿಲ್ಲ ಎಂದ. ಸುಳ್ಳು ಹೇಳಲಿಲ್ಲ, ಮನಸಾರೆ ಹೇಳಿದ. ಯೇಸುವಿನ ಮೇಲೆ ಅವನಿಗಿದ್ದ ಪ್ರೀತಿಯೂ ನಿಜವೇ. ಆದರೆ ಅವನು ಊರಿಕೊಂಡಿದ್ದು ತನ್ನ ತೀರ್ಮಾನದ ಮೇಲೆ. ಆದ್ದರಿಂದಲೇ ಗೆತ್ಸೇಮನೆಯಲ್ಲಿ ‘ಎಚ್ಚರವಾಗಿದ್ದು ಪ್ರಾರ್ಥಿಸಿರಿ’ ಎಂದಾಗ ಅವನಿಗೆ ಅದರ ತುರ್ತು ತಟ್ಟಲಿಲ್ಲ, ನಿದ್ದೆ ಹೋದ. ತೀರ್ಮಾನ ಗಟ್ಟಿಯಿದ್ದವನಿಗೆ ಪ್ರಾರ್ಥನೆ ಏಕೆ ಬೇಕು? ಮುಂದೆ ಮಹಾಯಾಜಕನ ಅಂಗಳದಲ್ಲಿ ಒಬ್ಬ ದಾಸಿ ಕೇಳಿದ ಒಂದು ಮಾತಿಗೆ ಆ ತೀರ್ಮಾನ ನಿಲ್ಲಲಿಲ್ಲ, ಯೇಸುವನ್ನು ಅರಿಯೆನೆಂದುಬಿಟ್ಟ. ಬೀಳುವುದಕ್ಕೆ ಎಷ್ಟೋ ಹೊತ್ತು ಮೊದಲೇ, ಪ್ರಾರ್ಥನೆ ಬೇಡವೆನ್ನಿಸಿದಾಗಲೇ, ಅವನು ಬಿದ್ದಾಗಿತ್ತು.

ಇನ್ನು ಯೋಹಾನ 21. ಪುನರುತ್ಥಾನನಾದ ಯೇಸು ಕೇಳುತ್ತಾನೆ: ಇವರಿಗಿಂತ ಹೆಚ್ಚಾಗಿ ನನ್ನನ್ನು ಪ್ರೀತಿಸುತ್ತೀಯೋ? ಪೇತ್ರನ ಉತ್ತರ ಗಮನಿಸಿ. ನಾನು ನಿನ್ನನ್ನು ಪ್ರೀತಿಸುತ್ತೇನೆಂದು ನೀನೇ ಬಲ್ಲೆ ಅನ್ನುತ್ತಾನೆ. ‘ಇವರಿಗಿಂತ’ ಅನ್ನುವ ಭಾಗಕ್ಕೆ ಉತ್ತರವೇ ಇಲ್ಲ. ಹೋಲಿಸಿಕೊಳ್ಳುವುದನ್ನು ಬಿಟ್ಟಿದ್ದಾನೆ, ತನ್ನ ಮಾತಿನ ಬದಲು ಯೇಸುವಿನ ಅರಿವಿಗೆ ಒಪ್ಪಿಸಿದ್ದಾನೆ. ಹಾಗಿದ್ದೂ ‘ನಾನು ಯಾವುದಕ್ಕೂ ಬಾರದವನು’ ಎಂದು ಹಿಂದೆ ಸರಿಯುವುದಿಲ್ಲ. ಕುರಿಗಳನ್ನು ಮೇಯಿಸು ಎಂದಾಗ ಒಪ್ಪಿಕೊಳ್ಳುತ್ತಾನೆ. ದೀನತೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಎರಡು ಸಾಲುಗಳನ್ನೇ.

ಹಾಗಾದರೆ ಬಿದ್ದ ಕೂಡಲೇ ಏನು ಮಾಡಬೇಕು? ಎಲ್ಲ ಸೇರಿ ಹತ್ತು ನಿಮಿಷದ ಕೆಲಸ, ಅದೇ ಗಂಟೆಯೊಳಗೆ ಮುಗಿಸಿ. ಮೊದಲು ಪಾಪಕ್ಕೆ ಅದರ ಹೆಸರು ಹೇಳಿ. ‘ಕರ್ತನೇ, ನಾನು ಪಾಪಿ’ ಎಂದರೆ ಸತ್ಯವೇ, ಆದರೆ ತೀರ ಸುಲಭ. ‘ಮಗಳು ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದ್ದಕ್ಕೆ ಕಿರುಚಿದೆ, ಅವಳು ಹೆದರಿದ್ದು ಕಂಡರೂ ನಿಲ್ಲಿಸಲಿಲ್ಲ’ ಅನ್ನುವುದು ಅರಿಕೆ. ಆಮೇಲೆ ಅಚ್ಚರಿಪಡದೆ ಒಪ್ಪಿಕೊಳ್ಳಿ: ನನ್ನನ್ನು ನನ್ನ ಪಾಡಿಗೆ ಬಿಟ್ಟರೆ ನಾನು ಮಾಡುವುದು ಇದನ್ನೇ, ನೀನು ಹಿಡಿದುಕೊಳ್ಳದಿದ್ದರೆ ನಾಳೆಯೂ ಇದನ್ನೇ ಮಾಡುತ್ತೇನೆ. ಬಳಿಕ, ಪಾಪಗಳನ್ನು ಅರಿಕೆಮಾಡಿದರೆ ದೇವರು ಕ್ಷಮಿಸುತ್ತಾನೆಂಬ 1 ಯೋಹಾನ 1:9ರ ಮಾತನ್ನು ಬಾಯಿಬಿಟ್ಟು ಓದಿ, ಕ್ಷಮೆಯಾಯಿತೆಂದು ನಂಬಿ ಎದ್ದುಬಿಡಿ. ಕ್ಷಮೆ ಸಿಕ್ಕಿದ ಅನುಭವ ಮನಸ್ಸಿಗೆ ಬರಲಿ ಎಂದು ಕಾಯುತ್ತಾ ಕೂರಬೇಡಿ. ಅದು ಸಂಜೆಗೆ ಬರಬಹುದು, ಬಾರದೆಯೂ ಇರಬಹುದು.

ಕೊನೆಯದು, ಜನ ಹೆಚ್ಚು ತಪ್ಪಿಸಿಕೊಳ್ಳುವಂಥದ್ದು: ನೊಂದವರ ಹತ್ತಿರ ಹೋಗಿ ಕ್ಷಮೆ ಕೇಳುವುದು. ಒಂದೇ ವಾಕ್ಯ, ‘ಆದರೆ’ ಇಲ್ಲದೆ. ‘ಕಿರುಚಿದ್ದು ತಪ್ಪಾಯಿತು, ಕ್ಷಮಿಸು’ ಅಷ್ಟೇ. ‘ಆಫೀಸಿನಲ್ಲಿ ತುಂಬ ಒತ್ತಡ ಇತ್ತು’ ಎಂದು ಸೇರಿಸಿದಿರೋ, ಕ್ಷಮೆಯಾಚನೆ ವಕಾಲತ್ತಾಯಿತು. ‘ನಾನೆಂಥ ಕೆಟ್ಟ ಅಪ್ಪ ನೋಡು’ ಎಂದು ಅತ್ತರೆ ಆ ಮಗುವೇ ನಿಮ್ಮನ್ನು ಸಂತೈಸಬೇಕಾಗುತ್ತದೆ. ಇನ್ನು ಮುಂದೆ ಎಂದೂ ಸಿಟ್ಟಾಗುವುದಿಲ್ಲ ಎಂಬ ಶಪಥವಂತೂ ಬೇಡವೇ ಬೇಡ, ಅದು ಪೇತ್ರನ ಮೊದಲ ಮಾತನ್ನೇ ಮತ್ತೆ ಆಡಿದಂತೆ. ಸೂರ್ಯ ಮುಳುಗುವ ಮೊದಲು ಇದಿಷ್ಟು ಮುಗಿದಿರಲಿ (ಎಫೆಸ 4:26).

ದೀನತೆಯ ಮೇಲೆ ಕಣ್ಣಿಟ್ಟರೆ ಏಕೆ ಕೆಡುತ್ತದೆ

‘ದೀನತೆ ಕೊಡು’ ಎಂಬ ಪ್ರಾರ್ಥನೆಯಲ್ಲಿ ತಪ್ಪಿಲ್ಲ. ಪ್ರಾರ್ಥಿಸಿದ ಮೇಲೆ ‘ಬಂತೇ?’ ಎಂದು ಒಳಗೆ ಇಣುಕಿ ನೋಡುತ್ತೀರಲ್ಲ, ಅಲ್ಲಿ ಕೆಡುತ್ತದೆ. ಅಳೆಯುವವನೂ ನೀವೇ, ಅಳತೆಗೆ ನಿಂತವನೂ ನೀವೇ. ಕಣ್ಣು ದೇವರಿಂದ ನಿಮ್ಮ ಮೇಲೆ ಹೊರಳಿತು. ಬೇರೆ ಯಾವ ಗುಣವನ್ನಾದರೂ ಹೀಗೆ ಪರೀಕ್ಷಿಸಿಕೊಂಡರೆ ಅಷ್ಟು ನಷ್ಟವಿಲ್ಲ, ದೀನತೆ ಮಾತ್ರ ನೋಡಿಕೊಂಡ ಕ್ಷಣವೇ ಇಲ್ಲವಾಗುತ್ತದೆ.

ಲೂಕ 18ರ ಫರಿಸಾಯನ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನ) ಪ್ರಾರ್ಥನೆ ‘ದೇವರೇ, ನಿನಗೆ ಸ್ತೋತ್ರ’ ಎಂದೇ ಶುರುವಾಗುತ್ತದೆ. ವಾರಕ್ಕೆ ಎರಡು ಉಪವಾಸ, ಆದಾಯದಲ್ಲೆಲ್ಲ ಹತ್ತನೆಯ ಪಾಲು, ಎಲ್ಲಕ್ಕೂ ದೇವರಿಗೆ ಕೃತಜ್ಞತೆ. ಸಿದ್ಧಾಂತದ ಮಟ್ಟಿಗೆ ಅವನ ಮಾತಿನಲ್ಲಿ ಕೊಂಕಿಲ್ಲ. ಆದರೆ ಸ್ತೋತ್ರ ಹೇಳುತ್ತಲೇ ಪಕ್ಕಕ್ಕೆ ಕಣ್ಣು ಹಾಯಿಸುತ್ತಾನೆ, ಅಲ್ಲಿ ಜನ ಪಾಪಿಯೆಂದು ಎಣಿಸುತ್ತಿದ್ದ ಸುಂಕದವನು ನಿಂತಿದ್ದಾನೆ. ಈ ಸಾಮ್ಯವನ್ನು ಯೇಸು ಯಾರಿಗೆ ಹೇಳಿದನೆಂದು 9ನೇ ವಚನ ತಿಳಿಸುತ್ತದೆ: ತಮ್ಮಲ್ಲೇ ಭರವಸವಿಟ್ಟು ಉಳಿದವರನ್ನು ಹೀನೈಸುತ್ತಿದ್ದವರಿಗೆ. ಎರಡನ್ನೂ ಒಟ್ಟಿಗೆ ಹೇಳಿದ್ದು ಸುಮ್ಮನಲ್ಲ. ತನ್ನ ಮೇಲೆ ಊರಿ ನಿಂತವನಿಗೆ ತಾನು ಗಟ್ಟಿಯಾಗಿದ್ದೇನೆಂದು ಆಗಾಗ ಖಾತರಿಯಾಗಬೇಕು. ಆ ಖಾತರಿ ಸಿಗುವುದು ಇನ್ನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿ ಅಳೆದಾಗ. ಹೊಗಳಿದಾಗ ಉಬ್ಬುವುದು, ಕಡೆಗಣಿಸಿದಾಗ ಕುದಿಯುವುದು ಎರಡೂ ಇಲ್ಲಿಂದಲೇ ಬರುತ್ತವೆ. ಆದ್ದರಿಂದ ಅಹಂಕಾರವನ್ನು ನೇರವಾಗಿ ಎದುರಿಸಿ ಗೆದ್ದವರು ಅಪರೂಪ. ಊರುವ ಜಾಗ ಬದಲಾದರೆ ಅದು ತಾನಾಗಿ ಸೊರಗುತ್ತದೆ.

ಇಲ್ಲಿ ಯೇಸುವಿನ ಬದುಕನ್ನೇ ನೋಡಬೇಕು. ಮಗನು ತನ್ನಷ್ಟಕ್ಕೆ ತಾನೇ ಏನೂ ಮಾಡಲಾರನು ಎಂದು ಅವನೇ ಹೇಳುತ್ತಾನೆ (ಯೋಹಾನ 5:19). ಹನ್ನೆರಡು ಮಂದಿಯನ್ನು ಆರಿಸುವ ಮುಂಚೆ ಇಡೀ ರಾತ್ರಿ ಬೆಟ್ಟದಲ್ಲಿ ಪ್ರಾರ್ಥಿಸಿದ (ಲೂಕ 6:12). ನಾಚಿಕೆಪಡಬೇಕಾದ ಪಾಪ ಅವನಲ್ಲಿ ಇರಲಿಲ್ಲ, ಆದರೂ ‘ನಾನು ಸಾತ್ವಿಕನೂ ದೀನಮನಸ್ಸುಳ್ಳವನೂ’ ಎಂದ (ಮತ್ತಾಯ 11:29). ಹಾಗಿದ್ದರೆ ದೀನತೆಯೆಂದರೆ ತನ್ನನ್ನು ತಾನು ಹಳಿದುಕೊಳ್ಳುವುದಲ್ಲ, ತಂದೆಯಿಂದ ಪಡೆದು ಬದುಕುವುದು. ಅದು ಹೊಸ ವಿಶ್ವಾಸಿಗಳ ಪಾಠವೆಂದು, ಬಲಿತ ಮೇಲೆ ದಾಟಿಹೋಗುವ ಹಂತವೆಂದು ಅನೇಕರು ಎಣಿಸುತ್ತಾರೆ. ಮಕ್ಕಳು ಬೆಳೆದಂತೆ ತಂದೆತಾಯಿಯನ್ನು ಆಶ್ರಯಿಸುವುದು ಕಡಿಮೆಯಾಗುತ್ತದೆ. ಆತ್ಮಿಕ ಬೆಳವಣಿಗೆ ಸಾಗುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಎಂಟು ವರ್ಷದ ಹಿಂದೆ ನೀವು ಯಾವುದಕ್ಕೆ ದೇವರನ್ನು ಕೇಳುತ್ತಿದ್ದಿರೋ ಅದನ್ನು ಈಗ ಕೇಳದೆಯೇ ಮಾಡುತ್ತಿದ್ದರೆ, ಅದು ಬೆಳವಣಿಗೆಯಲ್ಲ.

1 ಪೇತ್ರ 5:6ನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: ದೇವರ ಬಲವುಳ್ಳ ಹಸ್ತದ ಕೆಳಗೆ ನಿಮ್ಮನ್ನು ತಗ್ಗಿಸಿಕೊಳ್ಳಿರಿ. 7ನೇ ವಚನವೂ ಎಲ್ಲರಿಗೆ ಗೊತ್ತು: ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ. ಇವೆರಡೂ ಬೇರೆಬೇರೆ ಆಜ್ಞೆಗಳಲ್ಲ. ತಗ್ಗಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಉತ್ತರವೇ ಎರಡನೆಯದು. ಚಿಂತೆಯನ್ನು ಹೊತ್ತು ತಿರುಗುವವನು ‘ಇದನ್ನು ನಡೆಸಬೇಕಾದವನು ನಾನು’ ಅನ್ನುತ್ತಿದ್ದಾನೆ. ಆದ್ದರಿಂದ ದೀನತೆಯ ಅಭ್ಯಾಸಕ್ಕೆ ಕಾಗದ, ಪೆನ್ನು ಸಾಕು. ವಾರಕ್ಕೊಮ್ಮೆ ಮನಸ್ಸಿನಲ್ಲಿರುವ ಚಿಂತೆಗಳನ್ನು ಬರೆಯಿರಿ. ಪ್ರತಿಯೊಂದರ ಎದುರಿಗೆ ಈ ದಿನ ನಾನು ಮಾಡಬಹುದಾದ ಒಂದು ಕೆಲಸ, ಅದರ ಪಕ್ಕದಲ್ಲಿ ನನ್ನ ಕೈಯಲ್ಲಿ ಇಲ್ಲದ್ದು. ಎರಡನ್ನೂ ದೇವರ ಮುಂದೆ ಹೆಸರಿಟ್ಟು ಹೇಳಿ. ಮೊದಲನೆಯದಕ್ಕೆ ಬಲ ಬೇಡಿ, ಎರಡನೆಯದನ್ನು ಒಪ್ಪಿಸಿ. ಅರ್ಧ ಗಂಟೆಯಲ್ಲಿ ಎರಡನೆಯದು ಮತ್ತೆ ತಲೆಗೆ ಹತ್ತುತ್ತದೆ. ಮತ್ತೆ ಒಪ್ಪಿಸಿ. ಸೋತೆನೆಂದು ತಿಳಿಯಬೇಡಿ, ಅಭ್ಯಾಸವೆಂದರೆ ಇದೇ.

ಯಾರ ಪಾಲು ಎಷ್ಟು

ನಿಮ್ಮ ಮುಖ್ಯ ಪ್ರಶ್ನೆ ಇದು, ಸಭೆಯನ್ನು ಶತಮಾನಗಳ ಕಾಲ ಕಾಡಿದ ಪ್ರಶ್ನೆಯೂ ಹೌದು. 5ನೇ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬ ತಪಸ್ವಿ ಮನುಷ್ಯನ ಇಚ್ಛೆಗೆ ಆಜ್ಞೆ ಪಾಲಿಸುವ ಶಕ್ತಿ ಸಹಜವಾಗಿಯೇ ಇದೆ ಎಂದು ಕಲಿಸಿದ. ಉತ್ತರ ಆಫ್ರಿಕದ ಸಭಾಧ್ಯಕ್ಷ ಅಗಸ್ಟಿನ್ ವಿರೋಧಿಸಿದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭಾಧ್ಯಕ್ಷರು ಪೆಲಾಜಿಯಸನ ಬೋಧನೆಯನ್ನು ತಿರಸ್ಕರಿಸಿದರು. 529ರಲ್ಲಿ ಈಗಿನ ಫ್ರಾನ್ಸಿನ ಆರೆಂಜ್ ಎಂಬಲ್ಲಿ ಸೇರಿದ ಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಂಬಬೇಕು ಅನ್ನುವ ಮೊದಲ ಆಸೆಯೇ ಕೃಪೆಯ ಕೆಲಸ ಎಂದಿತು. ಇದರಿಂದ ನಿಮಗೇನು ಉಪಯೋಗ? ‘ನಾನು ಐವತ್ತು ಭಾಗ ಮಾಡುತ್ತೇನೆ, ಉಳಿದ ಐವತ್ತು ದೇವರು’ ಎಂಬ ಪಾಲುಗಾರಿಕೆಯ ಲೆಕ್ಕವನ್ನು ಬಿಟ್ಟುಬಿಡಬಹುದು. ಫಿಲಿಪ್ಪಿ 2:12-13 ಹಾಗೆ ಹಂಚುವುದಿಲ್ಲ. ಭಯದಿಂದ ನಡುಗುತ್ತಾ ರಕ್ಷಣೆಯನ್ನು ಸಾಧಿಸಿಕೊಳ್ಳಿ, ಏಕೆಂದರೆ ನಿಮ್ಮಲ್ಲಿ ಉದ್ದೇಶವನ್ನೂ ಪ್ರಯತ್ನವನ್ನೂ ಉಂಟುಮಾಡುವವನು ದೇವರೇ ಅನ್ನುತ್ತದೆ. ಕೆಲಸ ಪೂರ್ತಿ ನಿಮ್ಮದು, ಬಲ ಪೂರ್ತಿ ಆತನದು. ಎಲ್ಲರಿಗಿಂತ ಹೆಚ್ಚಾಗಿ ದುಡಿದೆನು, ಆದರೂ ದುಡಿದದ್ದು ನಾನಲ್ಲ, ನನ್ನೊಂದಿಗಿದ್ದ ದೇವರ ಕೃಪೆಯೇ ಎಂದು ಪೌಲ ಬರೆಯುವುದು ಈ ಅರ್ಥದಲ್ಲಿ (1 ಕೊರಿಂಥ 15:10). ದುಡಿದದ್ದನ್ನು ಅವನು ಮುಚ್ಚಿಡುವುದಿಲ್ಲ, ದುಡಿತದ ಮೇಲೆ ತನ್ನ ಹೆಸರು ಬರೆದುಕೊಳ್ಳುವುದೂ ಇಲ್ಲ.

ಇದು ನಡೆಯುವ ರೀತಿಯನ್ನು ನೋಡಬೇಕಾದರೆ ಅಪೊಸ್ತಲರ ಕೃತ್ಯಗಳು 27. ಪೌಲ ಸೆರೆಯಾಳಾಗಿ ಹೋಗುತ್ತಿದ್ದ ಹಡಗಿನಲ್ಲಿ 276 ಜನ, ಹದಿನಾಲ್ಕು ದಿನಗಳಿಂದ ಬಿರುಗಾಳಿ. ಯಾರ ಪ್ರಾಣವೂ ನಷ್ಟವಾಗುವುದಿಲ್ಲ ಎಂದು ದೇವದೂತನು ಪೌಲನಿಗೆ ಹೇಳಿಯಾಗಿದೆ. ಆಮೇಲೆ ನಾವಿಕರು ಲಂಗರು ಬಿಡುವ ನೆಪದಲ್ಲಿ ದೋಣಿ ಇಳಿಸಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ‘ದೇವರು ಮಾತು ಕೊಟ್ಟಿದ್ದಾನೆ, ಹೋಗುವವರು ಹೋಗಲಿ’ ಎಂದು ಪೌಲ ಸುಮ್ಮನಿರುವುದಿಲ್ಲ. ಇವರು ಹಡಗಿನಲ್ಲಿ ನಿಲ್ಲದಿದ್ದರೆ ನೀವು ಉಳಿಯಲಾರಿರಿ ಎಂದು ಶತಾಧಿಪತಿಗೆ ಹೇಳುತ್ತಾನೆ. ಸೈನಿಕರು ದೋಣಿಯ ಹಗ್ಗ ಕತ್ತರಿಸುತ್ತಾರೆ. ಬೆಳಗಾಗುವಾಗ ಎಲ್ಲರಿಗೂ ಊಟ ಮಾಡಿ ಅನ್ನುತ್ತಾನೆ, ತಾನು ಮೊದಲು ರೊಟ್ಟಿ ಮುರಿದು ಸ್ತೋತ್ರ ಹೇಳಿ ತಿನ್ನುತ್ತಾನೆ. ಗೋಧಿಯನ್ನು ಸಮುದ್ರಕ್ಕೆ ಸುರಿದು ಹಡಗನ್ನು ಹಗುರ ಮಾಡುತ್ತಾರೆ. ದೇವರ ವಾಗ್ದಾನ ಒಂದು ಕೆಲಸವನ್ನೂ ಕಡಿಮೆ ಮಾಡಲಿಲ್ಲ. ದಿಗಿಲನ್ನು ಮಾತ್ರ ತೆಗೆದುಹಾಕಿತು. ಆ ಹಡಗಿನಲ್ಲಿ ಊಟದ ನೆನಪಿದ್ದವನು ಅವನೊಬ್ಬನೇ.

ಆದ್ದರಿಂದ ಬಿಡಬೇಕಾದದ್ದು ಫಲಿತಾಂಶ, ಸಮಯ, ಇನ್ನೊಬ್ಬರ ಮನಸ್ಸು, ನಿಮ್ಮ ಹೆಸರು. ಬಿಡಬಾರದ್ದು ಕ್ಷಮೆ ಕೇಳುವುದು, ತಯಾರಿ, ನಿದ್ದೆ, ಔಷಧ, ಹೇಳಲೇಬೇಕಾದ ಕಷ್ಟದ ಮಾತು. ‘ದೇವರಿಗೆ ಬಿಟ್ಟಿದ್ದೇನೆ’ ಎಂದು ಹೇಳಿ ವರ್ಷಗಟ್ಟಲೆ ಒಬ್ಬರೊಡನೆ ಮಾತೇ ಆಡದವರಿದ್ದಾರೆ. ಅವರು ಬಿಟ್ಟಿರುವುದು ಕರ್ತವ್ಯವನ್ನು.

ನಿಜವಾಗಿ ಆತುಕೊಂಡಿದ್ದೀರೋ ಇಲ್ಲವೋ ಎಂದು ನೋಡಲು ಮೂರು ಕಡೆ ಕೈಯಿಟ್ಟು ನೋಡಿ. ಮೊದಲು ಕೇಳಿದಿರಾ? ನೆರೆಯವರಾದ ಗಿಬ್ಯೋನ್ಯರು ದೂರದೇಶದವರೆಂದು ನಟಿಸಿ, ಒಡಂಬಡಿಕೆ ಕೇಳಿ, ಹಳಸಿದ ರೊಟ್ಟಿ, ಹರಿದ ಕೆರ ತೋರಿಸಿದಾಗ ಇಸ್ರಾಯೇಲ್ಯರು ಬುತ್ತಿಯನ್ನು ಪರೀಕ್ಷಿಸಿದರು, ಯೆಹೋವನನ್ನು ಮಾತ್ರ ಕೇಳಲಿಲ್ಲ (ಯೆಹೋಶುವ 9:14). ಮೂರು ದಿನದಲ್ಲಿ ಮೋಸ ಬಯಲಾಯಿತು. ಅವರದು ಅಜಾಗರೂಕತೆಯಲ್ಲ. ಸಾಕ್ಷ್ಯ ಕಣ್ಣೆದುರಿಗೇ ಇದೆಯೆಂಬ ಧೈರ್ಯ. ನಿಮಗೆ ಚೆನ್ನಾಗಿ ಗೊತ್ತಿರುವ ಕೆಲಸದಲ್ಲೇ ಕೇಳುವುದು ಮರೆಯುತ್ತದೆ, ಆರಾಧನೆ ನಡೆಸುವವರಿಗಂತೂ ಹಾಡು ಆರಿಸುವಾಗ. ಎರಡನೆಯದು, ಮಾಡುವಾಗ ದಿಗಿಲಿದೆಯೇ? ಮೂರನೆಯದು, ಮುಗಿದ ಮೇಲೆ ಯಾರಿಗೆ ಸ್ತೋತ್ರ? ಯುದ್ಧಕ್ಕೆ ಹೊರಟ ಗಿದ್ಯೋನನ 32,000 ಜನರನ್ನು ದೇವರು 300ಕ್ಕೆ ಇಳಿಸಿದ್ದು ಈ ಮೂರನೆಯದಕ್ಕಾಗಿ. ‘ನಮ್ಮ ಕೈಯೇ ನಮ್ಮನ್ನು ರಕ್ಷಿಸಿತು’ ಎಂದು ಅವರು ಕೊಚ್ಚಿಕೊಳ್ಳಬಾರದೆಂದು ನ್ಯಾಯಸ್ಥಾಪಕರು 7:2 ಸ್ಪಷ್ಟವಾಗಿಯೇ ಹೇಳುತ್ತದೆ. ಯೂದದ ಅರಸ ಉಜ್ಜೀಯನ ಕತೆ ಇದರ ತಿರುಗುಮುರುಗು: ಬಲಿಷ್ಠನಾಗುವ ತನಕ ಅದ್ಭುತವಾದ ಸಹಾಯ ಸಿಕ್ಕಿತು, ಬಲ ಬಂದ ಮೇಲೆ ಗರ್ವಿಷ್ಠನಾಗಿ ಕೆಟ್ಟ (2 ಪೂರ್ವಕಾಲವೃತ್ತಾಂತ 26:15-16). ಸೋಲಿಗಿಂತ ಗೆಲುವಿನ ಮರುದಿನ ಹೆಚ್ಚು ಎಚ್ಚರ ಬೇಕು.

ದಿನದ ಕ್ರಮ

ಬೆಳಿಗ್ಗೆ ಫೋನು ಮುಟ್ಟುವ ಮುಂಚೆ ಐದರಿಂದ ಹತ್ತು ನಿಮಿಷ. ಇದು ನಿಮ್ಮ ಓದು, ಪ್ರಾರ್ಥನೆಗಳ ಜೊತೆಗೆ, ಅವುಗಳ ಬದಲಿಗಲ್ಲ. ಆ ದಿನ ನಡೆಯಬೇಕಾದ ಮೂರು ನಾಲ್ಕು ಸಂಗತಿಗಳನ್ನು ಒಂದೊಂದಾಗಿ ನೆನೆದು, ಒಂದೊಂದಕ್ಕೂ ಒಂದೇ ವಾಕ್ಯದ ಬೇಡಿಕೆ. ನೀವು ಚೆನ್ನಾಗಿ ಮಾಡಬಲ್ಲಿರಿ ಅನ್ನಿಸುವ ಕೆಲಸವನ್ನು ಮೊದಲು ಹೇಳಿ. ನಾಳೆಯದು ಬೇಡ. ಕರ್ತನು ಕಲಿಸಿದ ಪ್ರಾರ್ಥನೆ ಕೇಳುವುದು ಅನುದಿನದ ಆಹಾರವನ್ನು. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರವಾದ ಮನ್ನವೂ ತಲೆಗೆ ಒಂದು ಓಮೆರ್ ಅಳತೆಯಂತೆ ಅಂದಂದಿಗೇ, ಮರುದಿನಕ್ಕೆಂದು ಇಟ್ಟುಕೊಂಡದ್ದಕ್ಕೆ ಹುಳ ಬಿದ್ದಿತು.

ಹಗಲಿನಲ್ಲಿ ಒಂದು ಸಣ್ಣ ಪ್ರಾರ್ಥನೆ ನಾಲಿಗೆಯ ಮೇಲಿರಲಿ. ಕೀರ್ತನೆ 70:1, ‘ದೇವಾ, ನನ್ನನ್ನು ಬಿಡಿಸು; ಯೆಹೋವನೇ, ಬೇಗ ಬಂದು ಸಹಾಯಮಾಡು’ ಎಂಬ ಮೊರೆಯನ್ನು ಹೀಗೆ ಬಳಸುವುದು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ಕಾಲದಿಂದ ಬಂದ ರೂಢಿ. ಸಿಟ್ಟಿನ ವಿಷಯದಲ್ಲಿ ಇದನ್ನು ಹೇಳಬೇಕಾದ ಹೊತ್ತು ಬಾಯಿ ತೆರೆಯುವ ಮುಂಚೆ, ದವಡೆ ಬಿಗಿಯುವಾಗ. ಆಗ ನೆನಪಾಗಬೇಕೆಂದರೆ ಶಾಂತವಾಗಿರುವಾಗಲೂ ಹೇಳಿ ರೂಢಿಯಾಗಿರಬೇಕು. ಬಾಗಿಲು ತೆಗೆಯುವಾಗ, ಮೆಟ್ಟಿಲು ಹತ್ತುವಾಗ, ಫೋನು ಎತ್ತುವಾಗ. ರಾಜನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ನೆಹೆಮೀಯ ಪ್ರಾರ್ಥಿಸಿದ್ದು ಹೀಗೆಯೇ (ನೆಹೆಮೀಯ 2:4-5).

ರಾತ್ರಿ ಹನ್ನೆರಡು ಹದಿಮೂರು ನಿಮಿಷದ ಪರಿಶೀಲನೆ. ಯೇಸುಸಭೆಯ (ಜೆಸ್ವಿಟರ) ಸ್ಥಾಪಕ ಇಗ್ನೇಷಿಯಸ್ ಲೊಯೋಲ 16ನೇ ಶತಮಾನದಲ್ಲಿ ಐದು ಹಂತಗಳಲ್ಲಿ ಇದನ್ನು ಕ್ರಮಗೊಳಿಸಿದ. ನೀವು ಯಾವ ಸಭೆಯವರಾದರೂ ಬಳಸಬಹುದು. ಮೂರು ನಿಮಿಷ ಆ ದಿನದ ನಿರ್ದಿಷ್ಟ ಉಪಕಾರಗಳಿಗೆ ಸ್ತೋತ್ರ. ಒಂದು ನಿಮಿಷ ಬೆಳಕಿಗಾಗಿ ಬೇಡಿಕೆ, ‘ನಾನು ನೋಡುವಂತಲ್ಲ, ನೀನು ನೋಡುವಂತೆ ತೋರಿಸು’ ಎಂದು. ಐದು ನಿಮಿಷ ಬೆಳಗಿನಿಂದ ಗಂಟೆಗಂಟೆಯಾಗಿ ನೆನಪು: ಎಲ್ಲಿ ಕೇಳಿ ನಡೆದೆ, ಎಲ್ಲಿ ನನ್ನ ಪಾಡಿಗೆ ನಡೆದೆ. ಎರಡು ನಿಮಿಷ ಅರಿಕೆ. ಕೊನೆಗೆ ನಾಳೆಯ ಒಂದು ಸಂದರ್ಭಕ್ಕಾಗಿ ಸಹಾಯದ ಬೇಡಿಕೆ. ಕೆಡುವುದು ಮೊದಲ ಹಂತವನ್ನು ಹಾರಿಸಿದಾಗ. ಸ್ತೋತ್ರವಿಲ್ಲದ ಪರಿಶೀಲನೆ ಎರಡೇ ವಾರದಲ್ಲಿ ಆತ್ಮದ ಮರಣೋತ್ತರ ಪರೀಕ್ಷೆಯಾಗುತ್ತದೆ. ತಪ್ಪುಗಳನ್ನು ಕೆದಕಿ ಕೆದಕಿ ನಿದ್ದೆಗೆಡುವ ಸ್ವಭಾವ ನಿಮ್ಮದಾದರೆ ಒಂದು ತಿಂಗಳು ಸ್ತೋತ್ರ ಮತ್ತು ನಾಳೆಯ ಬೇಡಿಕೆ ಇವೆರಡನ್ನೇ ಮಾಡಿ. ನಿದ್ದೆ, ಹಸಿವು, ಕೆಲಸದ ಆಸಕ್ತಿ ವಾರಗಟ್ಟಲೆ ಕೆಟ್ಟಿದ್ದರೆ ವೈದ್ಯರನ್ನು ಕಾಣಿ, ಅದು ಅವಿಶ್ವಾಸವಲ್ಲ. ಬೈಬಲಿನಲ್ಲಿ, ರೋಗ ಬಂದ ಆಸ ರಾಜನ ಮೇಲಿರುವ ದೂರು ವೈದ್ಯರ ಬಳಿಗೆ ಹೋದದ್ದಲ್ಲ, ಯೆಹೋವನನ್ನು ಆಶ್ರಯಿಸದೆ ಹೋದದ್ದು. ಪೌಲನ ಜೊತೆಗಾರ ಲೂಕನೇ ವೈದ್ಯ.

ಉಪವಾಸದ ಬಗ್ಗೆ ಒಂದೇ ಮಾತು: ಮಾಡಿದರೆ ಯಾರಿಗೂ ಹೇಳಬೇಡಿ.

ಹೊಗಳಿಕೆ, ಕಡೆಗಣನೆ

ಆರಾಧನೆ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ ‘ಸಂತೋಷ, ವಂದನೆ’ ಎಂದು ಹೇಳಿ ಮುಗಿಸಿ. ‘ಅಯ್ಯೋ, ನನ್ನದೇನಿಲ್ಲ, ನಾನು ಬರೀ ಮಣ್ಣು, ಎಲ್ಲ ಕರ್ತನದು’ ಎಂದು ಶುರುಮಾಡಿದರೆ ಮಾತುಕತೆ ಇನ್ನೂ ಐದು ನಿಮಿಷ ನಿಮ್ಮ ಬಗ್ಗೆಯೇ ನಡೆಯುತ್ತದೆ. ಸಂತೋಷವಾಗುವುದು ಪಾಪವಲ್ಲ. ಅದನ್ನೇ ಇನ್ನೊಬ್ಬರ ಬಾಯಲ್ಲೂ ಕೇಳಬೇಕೆಂದು ಸುತ್ತಾಡುತ್ತಿದ್ದೀರಾ, ಅಲ್ಲಿ ಎಚ್ಚರ. ಹೊಗಳಿಕೆ ಬಂದ ದಿನವೇ, ಆ ಆರಾಧನೆಗೆ ದುಡಿದ ಇನ್ನೊಬ್ಬರಿಗೆ, ಉದಾಹರಣೆಗೆ ಮೈಕ್ ಜೋಡಿಸಿದವರಿಗೆ, ಅವರು ಮಾಡಿದ್ದನ್ನು ಹೆಸರಿಸಿ ವಂದನೆ ಹೇಳಿ. ಯಾವುದನ್ನು ಹೊಂದದೆ ನಿನ್ನಲ್ಲಿದೆ ಎಂದು ಪೌಲ ಕೇಳುವ ಪ್ರಶ್ನೆಗೆ (1 ಕೊರಿಂಥ 4:7) ಹೀಗೆ ಕೆಲಸದಲ್ಲಿ ಉತ್ತರ ಕೊಟ್ಟಂತೆ.

ಕಡೆಗಣಿಸಿದಾಗ ಕುದಿಯುತ್ತಿದ್ದರೆ, ಕುದಿಯುತ್ತಿಲ್ಲ ಎಂದು ನಟಿಸಬೇಡಿ. ಇದ್ದದ್ದನ್ನು ಇದ್ದಂತೆ ದೇವರಿಗೆ ಹೇಳಿ, ಕೀರ್ತನೆಗಳಲ್ಲಿ ಅದಕ್ಕೆ ಬೇಕಾದಷ್ಟು ಮಾತುಗಳಿವೆ. ನಿಮ್ಮ ಬದಲು ಆರಿಸಲ್ಪಟ್ಟವರ ಹೆಸರು ಹಿಡಿದು ಒಂದು ವಾರ ಪ್ರಾರ್ಥಿಸಿ. ತಿಂಗಳಿಗೊಂದು ಸೇವೆಯನ್ನಾದರೂ ಯಾರಿಗೂ ತಿಳಿಯದಂತೆ ಮಾಡಿ. ಗೊತ್ತಾಗಲೆಂದು ಸುಳಿವು ಬಿಡಬೇಕೆನ್ನಿಸುವ ಆ ತುಡಿತ ಮೊದಲ ಸಲ ಅನುಭವಕ್ಕೆ ಬಂದಾಗ ನಿಮಗೇ ಆಶ್ಚರ್ಯವಾಗುತ್ತದೆ.

ಹೊರಗಿನ ವೇಷದ ವಿಷಯದಲ್ಲಿ ಬೆನೆಡಿಕ್ಟನ ನಿಯಮಾವಳಿಯ ಏಳನೇ ಅಧ್ಯಾಯದಲ್ಲಿ ಒಂದು ವಿವೇಕವಿದೆ. ಮಠವಾಸಿಗಳಿಗಾಗಿ ಬರೆದ 6ನೇ ಶತಮಾನದ ಈ ಗ್ರಂಥ ದೀನತೆಗೆ ಹನ್ನೆರಡು ಮೆಟ್ಟಿಲು ಹೇಳುತ್ತದೆ. ಮೊದಲನೆಯದು ದೇವರ ಭಯವನ್ನು ಸದಾ ಕಣ್ಣೆದುರು ಇಟ್ಟುಕೊಳ್ಳುವುದು, ಐದನೆಯದು ಮನಸ್ಸಿನ ಕೆಟ್ಟ ಆಲೋಚನೆಗಳನ್ನು ಮಠಾಧಿಪತಿಗೆ ಮುಚ್ಚಿಡದೆ ಹೇಳುವುದು. ತಗ್ಗಿದ ತಲೆ, ನೆಲ ನೋಡುವ ಕಣ್ಣು ಬರುವುದು ಹನ್ನೆರಡನೆಯದರಲ್ಲಿ. ನಮ್ಮಲ್ಲಿ ಹೆಚ್ಚಿನವರು ಹನ್ನೆರಡರಿಂದ ಶುರು ಮಾಡಿ ಅಲ್ಲೇ ನಿಲ್ಲುತ್ತೇವೆ. ಐದನೆಯದನ್ನು ಮಾತ್ರ ಬಿಡಬೇಡಿ. ಬಾಯಿ ಬಿಗಿಯಿರುವ, ನಿಮ್ಮನ್ನು ನೋಡಿ ಬೆರಗಾಗದ ಒಬ್ಬ ವಿಶ್ವಾಸಿಯನ್ನು ಹುಡುಕಿಕೊಂಡು ಎರಡು ವಾರಕ್ಕೊಮ್ಮೆ ಅರಿಕೆ ಮಾಡಿಕೊಳ್ಳಿ (ಯಾಕೋಬ 5:16). ಒಂಟಿಯಾಗಿ ದೇವರಿಗೆ ಮಾತ್ರ ಹೇಳಿಕೊಂಡಾಗ ಉಳಿದುಬಿಡುವ ಗತ್ತು ಇನ್ನೊಬ್ಬರ ಮುಂದೆ ಹೇಳಿದಾಗ ಉಳಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ ಬೇಕೇ ಬೇಕು. ದೀನತೆಯ ಹೆಸರಿನಲ್ಲಿ ಅನ್ಯಾಯ ಸಹಿಸಬೇಕಾಗಿಲ್ಲ. ಪೌಲ ಫಿಲಿಪ್ಪಿಯಲ್ಲಿ, ವಿಚಾರಣೆಯಿಲ್ಲದೆ ರೋಮಾಪುರದ ಹಕ್ಕುದಾರರನ್ನು ಹೊಡೆಸಿದ್ದನ್ನು ಅಧಿಕಾರಿಗಳಿಗೆ ಎತ್ತಿ ತೋರಿಸಿದ (ಅ.ಕೃ. 16:37). ಕೆನ್ನೆಗೆ ಹೊಡೆದವನನ್ನು ‘ಏಕೆ ಹೊಡೆಯುತ್ತೀ?’ ಎಂದು ಯೇಸು ಕೇಳಿದ (ಯೋಹಾನ 18:23). ಕಾಣಿಕೆಯ ಹಣದ ಲೆಕ್ಕ ಕೇಳಿದಾಗಲೆಲ್ಲ ‘ದೀನನಾಗಿರು’ ಎಂಬ ಉತ್ತರ ಬರುತ್ತಿದ್ದರೆ ಅಲ್ಲಿ ದೀನತೆ ಬೇಕಾದದ್ದು ಕೇಳಿದವನಿಗಲ್ಲ. ದೂರಿಗೆ ಎಡೆಯಾಗದಿರಲೆಂದು ಹಣ ಒಯ್ಯುವಾಗ ಪೌಲ ಬೇರೆಯವರನ್ನು ಜೊತೆಗೆ ಕಳುಹಿಸುತ್ತಿದ್ದ (2 ಕೊರಿಂಥ 8:20-21).

ಬೆಳೆಯುತ್ತಿದ್ದೇನೆಯೇ ಎಂದು ವಾರವಾರ ನೋಡಬೇಡಿ. ವರ್ಷಕ್ಕೊಮ್ಮೆ ನೋಡಿದರೆ ಸಾಕು, ನೋಡಬೇಕಾದದ್ದು ಬೀಳುವುದಕ್ಕೂ ದೇವರ ಬಳಿಗೆ ತಿರುಗಿ ಬರುವುದಕ್ಕೂ ನಡುವಿನ ಅಂತರವನ್ನು. ಅದು ನಾಲ್ಕು ದಿನದಿಂದ ಒಂದು ಸಂಜೆಗೆ, ಸಂಜೆಯಿಂದ ಒಂದು ಗಂಟೆಗೆ ಇಳಿದಿದ್ದರೆ, ಬೀಳುವ ಸಂಖ್ಯೆ ಇನ್ನೂ ಹೆಚ್ಚು ಕಂಡರೂ, ಊರುವ ಜಾಗ ಬದಲಾಗಿದೆ. ನಿಮ್ಮನ್ನು ತಿದ್ದಿದಾಗ ಸಮಜಾಯಿಷಿ ಕೊಡುವುದು ಕಡಿಮೆಯಾಗಿದೆಯೇ ಎಂದು ಮನೆಯವರನ್ನೇ ಕೇಳಿ.

ಇನ್ನು ಆರಾಧನೆ ನಡೆಸುವುದನ್ನು ನಿಲ್ಲಿಸಬೇಕೇ? ನೀವೊಬ್ಬರೇ ತೀರ್ಮಾನಿಸಿ ನಿಲ್ಲಿಸಬೇಡಿ. ದೇವರು ಒಪ್ಪಿಸಿದ ಕೆಲಸದಿಂದ ತಪ್ಪಿಸಿಕೊಳ್ಳಲು ಮೋಶೆ ಒಂದಾದ ಮೇಲೊಂದು ಕಾರಣ ಹೇಳಿದಾಗ ದೇವರು ಪ್ರತಿಯೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟ. ‘ಬೇರೆ ಯಾರನ್ನಾದರೂ ಕಳುಹಿಸು’ ಎಂದಾಗ ಮಾತ್ರ ಕೋಪಗೊಂಡ (ವಿಮೋಚನಕಾಂಡ 4:13-14). ಹೊಗಳಿಕೆಯ ಭಯದಿಂದ ಸೇವೆ ಬಿಡುವುದೂ ನಿಮ್ಮ ಮೇಲೇ ಕಣ್ಣಿಟ್ಟಂತೆ. ನಿಮ್ಮ ಪಾಸ್ಟರ್ ಹತ್ತಿರ ಹೋಗಿ, ಪತ್ರದಲ್ಲಿ ಬರೆದದ್ದನ್ನೇ ಬಾಯಿಬಿಟ್ಟು ಹೇಳಿ, ತೀರ್ಮಾನವನ್ನು ಅವರಿಗೆ ಬಿಡಿ. ಮುಂದುವರಿಸಿ ಎಂದರೆ ಮುಂದುವರಿಸಿ. ಸ್ವಲ್ಪ ಬಿಡುವು ತೆಗೆದುಕೊಳ್ಳಿ ಎಂದರೆ ಎಷ್ಟು ವಾರ ಎಂದು ಆಗಲೇ ಗೊತ್ತುಮಾಡಿಕೊಳ್ಳಿ, ಆರು ವಾರ ಸಾಕಾಗಬಹುದು. ಕಾರಣವನ್ನು ಸಭೆಗೆ ಪ್ರಕಟಿಸಬೇಡಿ. ಆ ವಾರಗಳಲ್ಲಿ ಕುಟುಂಬದೊಂದಿಗೆ ಸಭೆಯ ನಡುವೆ ಕುಳಿತು ಹಾಡಿ. ನಿಮ್ಮ ಜಾಗದಲ್ಲಿ ನಿಂತವರು ಶ್ರುತಿ ತಪ್ಪಿದರೂ ಹಾಡುತ್ತಲೇ ಇರಿ, ಆಮೇಲೆ ಆ ಬಗ್ಗೆ ಯಾರ ಹತ್ತಿರವೂ ಮಾತೆತ್ತಬೇಡಿ.